ಹಿತ್ತಿಲಿನ ಎಪ್ಪತ್ತಡಿ

ಜಗದಾಂಬಾ ಮದುವೆಯಾಗಿ ಲಗ್ಗೆರೆಯಿಂದ ಹೆಗ್ಗನಹಳ್ಳಿಗೆ ಬಂದಾಗ ಆ ಮನೆಯ ಹಿತ್ತಿಲಲ್ಲಿ ಟವರ್ ಇರಲಿಲ್ಲ, ಒಂದು ತೆಂಗಿನಮರ ಇತ್ತು. ಮರದ ತುದಿಯಿಂದ ತಾರಸಿಯ ಮೂಲೆಗೆ ಯಾರೋ ಒಂದು ತಾಮ್ರದ ತಂತಿ ಎಳೆದಿದ್ದರು. ಬಟ್ಟೆ ಒಣಗಿಸುವ ತಂತಿ ಅಷ್ಟು ಎತ್ತರದಲ್ಲಿ ಯಾಕೆ ಎಂದು ಅವಳು ಬಂದ ಎರಡನೆಯ ದಿನ ಅತ್ತೆಯನ್ನು ಕೇಳಿದಳು. ಅತ್ತೆ ಮುನಿತಾಯಮ್ಮ ಸೊಪ್ಪು ಬಿಡಿಸುತ್ತಿದ್ದವಳು ತಲೆಯೆತ್ತದೆ, "ಅದು ನಿನ್ನ ಸವತಿ ಕಣಮ್ಮ" ಎಂದಳು.

ಗಂಡ ಕೃಷ್ಣಯ್ಯ ಪೀಣ್ಯದ ಒಂದು ಕಾರ್ಖಾನೆಯಲ್ಲಿ ಫಿಟ್ಟರ್. ಕೆಲಸ ಮುಗಿಸಿ ಬಂದವನು ಕಾಫಿ ಲೋಟ ಹಿಡಿದು ಕೂತದ್ದನ್ನು ಅವಳು ಕಂಡದ್ದೇ ಕಡಿಮೆ. ನಿಂತೇ ಕುಡಿದು ಒಳಕೋಣೆಗೆ ಹೋಗಿ ಕಿವಿಗೆ ಹೆಡ್‌ಫೋನ್ ಏರಿಸುತ್ತಿದ್ದ. ಹ್ಯಾಮ್ ರೇಡಿಯೊ ಎಂದರೆ ಏನೆಂದು ಅವನೇ ಅವಳಿಗೆ ಹೇಳಿಕೊಟ್ಟ. ಸರ್ಕಾರದ ಪರೀಕ್ಷೆ ಕಟ್ಟಿ ಲೈಸೆನ್ಸ್ ತಗೊಂಡವರು ಮನೆಯಿಂದಲೇ ಗಾಳಿಯಲ್ಲಿ ಮಾತಾಡಬಹುದು, ಫೋನೂ ಬೇಡ, ಬಿಲ್ಲೂ ಇಲ್ಲ. ಮಧುರೆಯವರು ಸಿಗುತ್ತಾರೆ, ಕೆಲವೊಮ್ಮೆ ಸಿಂಹಳದವರು ಸಿಗುತ್ತಾರೆ. ಆದರೆ ಆಂಟೆನಾ ಆಗಿರುವ ಆ ತಾಮ್ರದ ತಂತಿ ತಗ್ಗಿನಲ್ಲಿದೆ, ಅದಕ್ಕೇ ದೂರದವರು ಸಿಗುವುದಿಲ್ಲ. ಈ ಕೊನೆಯ ಮಾತನ್ನು ಅವನು ಹೇಳುವಾಗಲೆಲ್ಲ ಕಣ್ಣು ಕಿಟಕಿಯಾಚೆಗೆ, ತೆಂಗಿನಮರಕ್ಕಿಂತ ಮೇಲಕ್ಕೆ ಹೋಗುತ್ತಿತ್ತು. ಅದನ್ನು ನೋಡಿದಾಗಲೆಲ್ಲ ಜಗದಾಂಬಾಗೆ ಏನೋ ಒಂಥರಾ ಆಗುತ್ತಿತ್ತು. ಇವನು ಇಲ್ಲಿದ್ದೂ ಇಲ್ಲಿಲ್ಲ ಅನ್ನಿಸುತ್ತಿತ್ತು.

ಅವಳಿಗೂ ಸುಮ್ಮನೆ ಕೂರುವ ಅಭ್ಯಾಸವಿರಲಿಲ್ಲ ಅನ್ನಿ. ಹತ್ತೊಂಬತ್ತಕ್ಕೇ ಗಾರ್ಮೆಂಟ್ಸ್ ಸೇರಿ ಹೊಲಿಗೆ ಮೆಷಿನ್ ಮುಂದೆ ಕೂತವಳು. ಮಗಳು ಅನು ಹುಟ್ಟಿದ ಮೇಲೂ ಬಿಡಲಿಲ್ಲ. ಮುಂದೆ ಅವಳೇ ಒಂದು ಲೈನಿಗೆ ಸೂಪರ್‌ವೈಸರ್ ಆದಳು. ಯಾವ ಹುಡುಗಿಯ ಮೆಷಿನ್ನಿನಲ್ಲಿ ಮೇಲಿನ ದಾರ ಬಿಗಿಯಾಗಿದೆ, ಯಾರದ್ದರಲ್ಲಿ ಕೆಳಗಿನ ದಾರ ಸಡಿಲವಾಗಿದೆ ಎಂದು ಬಟ್ಟೆಯ ಮೇಲೆ ಹೆಬ್ಬೆರಳು ಸವರಿಯೇ ಹೇಳುತ್ತಿದ್ದಳು. ಎರಡೂ ದಾರ ಸಮನಾಗಿ ಎಳೆದರೆ ಮಾತ್ರ ಹೊಲಿಗೆ ನಿಲ್ಲುತ್ತದೆ ಎನ್ನುವುದು ಅವಳು ಹೊಸಬರಿಗೆ ಹೇಳಿಕೊಡುತ್ತಿದ್ದ ಮೊದಲ ಪಾಠ.

ತೆಂಗಿನಮರಕ್ಕೆ ನುಸಿ ಹಿಡಿದು ಒಣಗಿದ ವರ್ಷ ಕೃಷ್ಣಯ್ಯ ಟವರ್ ಕಟ್ಟಲು ಕೂತ. ಮೂರು ಪೈಪು, ನಡುವೆ ಅಡ್ಡ ಸರಳುಗಳ ಹೆಣಿಗೆ, ಏಣಿಯನ್ನು ಮೂರು ಮಗ್ಗುಲಿಗೆ ಮಡಿಸಿದ ಹಾಗೆ. ಹತ್ತಡಿಗೆ ಒಂದು ಪೀಸು. ಅಂಥವು ಏಳು. ಹಿತ್ತಿಲಲ್ಲೇ ವೆಲ್ಡಿಂಗ್ ಮಾಡಿದ, ಹದಿನಾಲ್ಕು ಭಾನುವಾರ ಹಿಡಿಯಿತು. ಮಹಡಿಯ ಮೇಲೆ ಒಂದು ರೂಮು ಎಬ್ಬಿಸುತ್ತೇನೆಂದು ಮಗ ಮಾತು ಕೊಟ್ಟು ಮೂರು ವರ್ಷವಾಗಿತ್ತು. ಮುನಿತಾಯಮ್ಮ ಪ್ರತಿ ಭಾನುವಾರ ಬಾಗಿಲಿಗೆ ಬಂದು, ಮನುಷ್ಯರಿಗೆ ಸೂರು ಬೇಕೋ ಕಂಬ ಬೇಕೋ ಎಂದು ಯಾರಿಗೂ ಅಲ್ಲದಂತೆ ಕೇಳಿ ಒಳಗೆ ಹೋಗುತ್ತಿದ್ದಳು.

ಅಂಥ ಸಣಕಲು ಟವರ್ ತನ್ನ ಕಾಲ ಮೇಲೆ ತಾನೇ ನಿಲ್ಲುವುದಿಲ್ಲ. ಮೂರು ದಿಕ್ಕಿಗೆ ಸ್ಟೇ ತಂತಿ ಕಟ್ಟಿ, ನೆಲದಲ್ಲಿ ಹೂತ ಕಾಂಕ್ರೀಟ್ ದಿಮ್ಮಿಗಳಿಗೆ ಬಿಗಿಯಬೇಕು. ಒಂದು ದಿಮ್ಮಿ ಮನೆ ಮುಂದಿನ ಸಂಪಿನ ಪಕ್ಕ ಬಂತು, ಇನ್ನೊಂದು ಬಚ್ಚಲ ಹಿಂದೆ. ಮೂರನೆಯದಕ್ಕೆ ಅವರ ಜಾಗದಲ್ಲಿ ಅಳತೆ ಸಾಲಲಿಲ್ಲ. ಪಕ್ಕದ ಖಾಲಿ ಸೈಟು ತಮ್ಮ ರಾಜೇಂದ್ರನದು, ಅಪ್ಪನ ಕಾಲದ ಹೊಲ ಲೇಔಟ್ ಆದಾಗ ಪಾಲಿಗೆ ಬಂದದ್ದು. ಆಗಿನ್ನೂ ಮದುವೆಯಾಗದ ರಾಜೇಂದ್ರ, ಹಾಕ್ಕೊಳ್ಳಣ್ಣ, ಅದರಲ್ಲೇನು ಬಂತು ಎಂದ. ಅಲ್ಲೇ ಸೊಂಟದಾಳದ ಗುಂಡಿ ತೋಡಿದರು. ಕಾಗದ ಪತ್ರದ ಮಾತೇ ಬರಲಿಲ್ಲ.

ಟವರ್ ಎಬ್ಬಿಸುವಾಗ ಕೆಳಗೆ ಹಗ್ಗ ಹಿಡಿದವಳು ಜಗದಾಂಬಾ. ಕೃಷ್ಣಯ್ಯ ಮೇಲೆ ಬೆಲ್ಟಿನಲ್ಲಿ ಜೋತುಬಿದ್ದು ರಾಟೆ ಕಟ್ಟುತ್ತಿದ್ದ. ಇವಳು ಮತ್ತು ರಾಜೇಂದ್ರ ಹಗ್ಗ ಜಗ್ಗಿ ಒಂದೊಂದೇ ಪೀಸನ್ನು ಏರಿಸುತ್ತಿದ್ದರು. ಮೂರು ತಂತಿಯ ಬಿಗಿ ಸಮ ಮಾಡುವುದು ಬಂದಾಗ ಕೃಷ್ಣಯ್ಯ ಅಳತೆಯ ಉಪಕರಣ ತಂದು ಒದ್ದಾಡುತ್ತಿದ್ದ. ಜಗದಾಂಬಾ ಒಂದೊಂದು ತಂತಿಯನ್ನೂ ಅಂಗೈಯಿಂದ ಒತ್ತಿ ನೋಡಿ, ಸಂಪಿನ ಕಡೆಯದು ಸಡಿಲ, ತಿರುಪು ಎರಡು ಸುತ್ತು ತಿರುಗಿಸಿ ಎಂದಳು. ಉಪಕರಣವೂ ಅದನ್ನೇ ಹೇಳಿತು. ಅಂದಿನಿಂದ ಆ ಉಪಕರಣ ಅಟ್ಟ ಸೇರಿತು.

ಅಲ್ಲಿಂದ ಇಪ್ಪತ್ತು ವರ್ಷ ಅದೇ ನಡೆಯಿತು. ಮಳೆಗಾಲಕ್ಕೆ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ, ನಡುವೆ ಗಾಳಿ ಜೋರಾಗಿ ಬೀಸಿದಾಗಲೆಲ್ಲ ಕೃಷ್ಣಯ್ಯ ಹತ್ತುತ್ತಿದ್ದ. ಕೆಳಗೆ ಅವಳು ಸಂಪಿನಿಂದ ಬಚ್ಚಲಿಗೆ, ಬಚ್ಚಲಿನಿಂದ ಮೂರನೆಯ ತಂತಿ ದಾಟುವ ಕಾಂಪೌಂಡ್ ಗೋಡೆಗೆ ಓಡಾಡುತ್ತಿದ್ದಳು. ಒಲೆ ಮೇಲೆ ಏನಿದ್ದರೂ ಇಳಿಸಿಬಿಡುತ್ತಿದ್ದಳು. ಯಾರಾದರೂ ಗೇಟು ತೆರೆದು ಮಾತಿಗೆ ನಿಂತರೆ ಸಿಡುಕುತ್ತಿದ್ದಳು. ಬೀದಿಯವರು ಅದನ್ನು ಮೊಬೈಲ್ ಟವರ್ ಎಂದುಕೊಂಡು ಒಮ್ಮೆ ಅರ್ಜಿ ಹಾಕಿದರು. ಬಂದ ಪೊಲೀಸಿನವರು ಲೈಸೆನ್ಸ್ ನೋಡಿ ಕಾಫಿ ಕುಡಿದು ಹೋದರು. ಗಾಳಿಯಲ್ಲಿ ಮಾತಾಡಿದ ಗುರುತಿಗೆ ಜಪಾನಿನಿಂದ, ಬ್ರೆಜಿಲಿನಿಂದ ಪೋಸ್ಟ್ ಕಾರ್ಡುಗಳು ಬಂದವು. ಒಳಕೋಣೆಯ ಗೋಡೆ ತುಂಬಿತು. ಮುನಿತಾಯಮ್ಮ ಆ ಕಾರ್ಡುಗಳ ಬಣ್ಣ ನೋಡುತ್ತಲೇ ಹಾಸಿಗೆ ಹಿಡಿದು ಒಂದು ಶ್ರಾವಣದಲ್ಲಿ ಹೋದಳು. ಮಹಡಿಯ ರೂಮು ಅವಳು ಹೋದ ಮೇಲೆ ಎದ್ದಿತು.

ಅವನು ಹತ್ತುವಾಗಿನ ಅಂಜಿಕೆ ಹಳತಾಗಿ ಹೋಗುತ್ತದೆ ಎಂದು ಜಗದಾಂಬಾ ಕಾದಳು. ಹೋಗಲಿಲ್ಲ. ಗಾರ್ಮೆಂಟ್ಸ್ ಕೆಲಸ ಬಿಟ್ಟು ಮನೆಯಲ್ಲಿ ಉಳಿದ ಮೇಲಂತೂ ಗಾಳಿಗೆ ತಂತಿ ಗುಂಯ್‌ಗುಟ್ಟಿದರೆ ಸಾಕು, ಎದ್ದು ಹೋಗಿ ಒತ್ತಿ ನೋಡಿ ಬರುತ್ತಿದ್ದಳು.

ರಾಜೇಂದ್ರ ಮನೆ ಕಟ್ಟುವ ಮಾತೆತ್ತಿದ್ದು ಕೃಷ್ಣಯ್ಯ ನಿವೃತ್ತನಾದ ವರ್ಷ. ಅವನು ವಿಜಯನಗರದಲ್ಲಿ ಬಾಡಿಗೆಗಿದ್ದ, ಇಬ್ಬರು ಮಕ್ಕಳು, ಆಸೆ ನ್ಯಾಯವಾದದ್ದೇ. ಮನೆಗೆ ಬಂದು ತಲೆ ತಗ್ಗಿಸಿ ಹೇಳಿದ. ಕೃಷ್ಣಯ್ಯ, ಆಯ್ತಪ್ಪ, ತಿಂಗಳ ಕೊನೆಯೊಳಗೆ ತಂತಿ ಬಿಚ್ಚಿ ಟವರ್ ಗಿಡ್ಡ ಮಾಡ್ತೀನಿ ಎಂದ. ತಮ್ಮ ಹೋದ ಮೇಲೆ ಒಂದು ವಾರ ಮನೆಯಲ್ಲಿ ಅವನ ಕಾಲು ನಿಲ್ಲಲಿಲ್ಲ. ಹಿತ್ತಿಲಿಗೆ ಹೋಗಿ ಟವರ್ ನೋಡುವುದು, ಕಾಗದದಲ್ಲಿ ಲೆಕ್ಕ ಹಾಕುವುದು, ಹರಿಯುವುದು. ಎಪ್ಪತ್ತಡಿಯನ್ನು ನಲವತ್ತಕ್ಕೆ ಇಳಿಸಿದರೆ ಮೂರನೆಯ ದಿಮ್ಮಿ ತಮ್ಮದೇ ಹಿತ್ತಿಲೊಳಗೆ ಕೂರುತ್ತದೆ. ಆ ನಲವತ್ತನ್ನು ಅವನು ಬಾಯಿಬಿಟ್ಟು ಹೇಳಲು ಇನ್ನೂ ನಾಲ್ಕು ದಿನ ಹಿಡಿಯಿತು.

ಒಂದು ಶನಿವಾರ ಬೆಳಗ್ಗೆ, ತುದಿಯ ಆಂಟೆನಾ ಬಿಚ್ಚಿಡಲೆಂದು ಅವನು ಹತ್ತಿದ. ಒಂಬತ್ತೂವರೆ ಗಂಟೆಯ ಹೊತ್ತು. ಅರವತ್ತಡಿ ದಾಟಿ ಬೆಲ್ಟ್ ಸಿಕ್ಕಿಸಿಕೊಂಡು ಕೆಲಸ ಶುರುಮಾಡಿದ್ದ. ಜಗದಾಂಬಾ ಸಂಪಿನ ಕಡೆ ನಿಂತಿದ್ದಳು. ಪಕ್ಕದ ಸೈಟಿನ ಹಿಂದಿನ ರಸ್ತೆಯಿಂದ ಜೆಸಿಬಿಯ ಸದ್ದು ಬಂತು. ಸೈಟಿನ ಪೊದೆ ತೆಗೆಯಲು ಸೋಮವಾರ ಬರಬೇಕಿದ್ದ ಯಂತ್ರ ಅದು. ಬೇರೆ ಕಡೆ ಕೆಲಸ ತಪ್ಪಿತೆಂದು ಕಂಟ್ರಾಕ್ಟರ್ ಎರಡು ದಿನ ಮೊದಲೇ, ರಾಜೇಂದ್ರನಿಗೂ ತಿಳಿಸದೆ ಕಳಿಸಿದ್ದ. ಆ ಸದ್ದು ಅವಳ ತಲೆಗೆ ಹೋಗುವ ಮುನ್ನ ಕೈಗೆ ಗೊತ್ತಾಯಿತು. ಅಂಗೈ ಅಡಿಯಲ್ಲಿದ್ದ ಸಂಪಿನ ತಂತಿ ಒಮ್ಮೆ ಅದುರಿ ಮೆತ್ತಗಾಯಿತು.

ತಲೆಯೆತ್ತಿ ನೋಡಿದಳು. ಟವರಿನ ತುದಿ ಮೊಳದಷ್ಟು ವಾಲಿತ್ತು. ಕೃಷ್ಣಯ್ಯ ಎರಡೂ ಕೈಯಲ್ಲಿ ಕಂಬವನ್ನು ತಬ್ಬಿದ್ದ. ಕೂಗಿದರೆ ಯಂತ್ರದವನಿಗೆ ಕೇಳುವುದಿಲ್ಲ, ಗೇಟು ಸುತ್ತಿ ಹೋದರೆ ಹೊತ್ತಾಗುತ್ತದೆ. ಎದೆಮಟ್ಟದ ಗೋಡೆ ಇತ್ತು. ಕಲ್ಲು ಬೆಂಚಿನ ಮೇಲೆ ಕಾಲಿಟ್ಟು ಅದನ್ನು ಹೇಗೆ ದಾಟಿದಳೋ ಅವಳಿಗೇ ನೆನಪಿಲ್ಲ, ಮೊಣಕೈ ತರಚಿದ್ದು ಸಂಜೆ ನೋಡಿದಾಗಲೇ ತಿಳಿದದ್ದು.

ಪೊದೆ ಸವರುತ್ತಿದ್ದ ಜೆಸಿಬಿ ದಿಮ್ಮಿಯ ಒಂದು ಮಗ್ಗುಲ ಮಣ್ಣನ್ನು ಕೆರೆದು, ಅದನ್ನು ಗೇಣುದ್ದ ಎಬ್ಬಿಸಿತ್ತು. ಬಕೆಟ್ಟು ಮತ್ತೊಮ್ಮೆ ಇಳಿಯುತ್ತಿತ್ತು. ಜಗದಾಂಬಾ ಹೋಗಿ ದಿಮ್ಮಿಯ ಮೇಲೆ ಕೂತುಬಿಟ್ಟಳು.

ಬಕೆಟ್ಟು ಅವಳ ತಲೆಯ ಮೇಲೆ ಎರಡಾಳೆತ್ತರದಲ್ಲಿ ನಿಂತಿತು. ಓಡಿಸುತ್ತಿದ್ದವನು ಕಿವಿಯಿಂದ ವೈರು ಕಿತ್ತು, ಎದ್ದೇಳಿ ಆಂಟಿ, ಜಾಗದ ಜಗಳ ಓನರ್ ಹತ್ರ ಮಾಡ್ಕೊಳ್ಳಿ ಎಂದ. ಅವಳು ಬೆರಳು ಮೇಲಕ್ಕೆ ತೋರಿಸಿದಳು.

"ಮೇಲೆ ನೋಡಪ್ಪ."

ಅವನು ನೋಡಿದ. ಕೈ ತಾನಾಗಿ ಲಿವರ್ ಬಿಟ್ಟಿತು.

"ಯಾರಮ್ಮ ಅದು?"

"ನಮ್ಮ ಯಜಮಾನ್ರು. ನೀನು ಕೀಳ್ತಾ ಇರೋದು ಅವರನ್ನ ಹಿಡ್ಕೊಂಡಿರೋದನ್ನ. ಹೆದರ್ಬೇಡ, ನಾನು ಹೇಳ್ದಂಗೆ ಮಾಡು. ನಾನು ಪಕ್ಕಕ್ಕೆ ಸರೀತೀನಿ. ಬಕೆಟ್ ಇದರ ಮೇಲೆ ಇಡು. ಒತ್ಬೇಡ, ಸುಮ್ನೆ ಇಡು."

ಅವನು ಇಟ್ಟ. ಮಗುವನ್ನು ಮಲಗಿಸಿದಷ್ಟು ಮೆಲ್ಲಗೆ ಇಟ್ಟ. ದಿಮ್ಮಿ ಮೇಲೇಳುವುದು ನಿಂತಿತು. ಕೀಳಲು ಬಂದ ಯಂತ್ರವೇ ಅದನ್ನು ಅದುಮಿ ಹಿಡಿಯಿತು. ಇಂಜಿನ್ ಬಂದ್ ಮಾಡಿಸಿ, ಸೀಟಿನಿಂದ ಇಳಿಯಬೇಡ, ಏನನ್ನೂ ಮುಟ್ಟಬೇಡ ಎಂದು ಹೇಳಿ ಅವಳು ಟವರಿನ ಬುಡಕ್ಕೆ ಬಂದಳು.

ಗಂಡನಿಗೆ ಇಳಿಯಲಾಗಲಿಲ್ಲ. ಬೆಲ್ಟಿನ ಕೊಂಡಿ ಬಿಚ್ಚಿದರೆ ತಾನೇ ಕೆಳಗೆ ಬರಲು ಸಾಧ್ಯ, ಕೈ ಅದಕ್ಕೆ ಒಪ್ಪುತ್ತಿರಲಿಲ್ಲ. ಇಪ್ಪತ್ತು ವರ್ಷದಲ್ಲಿ ಅವನು ಮೇಲಿದ್ದಾಗ ಅವಳು ಕೂಗಿ ಮಾತಾಡಿದವಳಲ್ಲ, ಗಮನ ತಪ್ಪುತ್ತದೆ ಎಂದು. ಅಂದು ಕೂಗಿದಳು. ಎಡಗಾಲು ಇಳಿಸಿ, ಈಗ ಕೊಂಡಿ ಬಿಚ್ಚಿ, ಕೆಳಗಿನ ಸರಳಿಗೆ ಹಾಕಿ, ಈಗ ಬಲಗಾಲು. ಒಂದೊಂದು ಮಾತನ್ನೂ ಎರಡೆರಡು ಸಲ. ಮಧ್ಯೆ ಮಧ್ಯೆ ಮೂರೂ ಕಡೆಯ ತಂತಿಗೆ ಓಡಿ ಒತ್ತಿ ನೋಡಿ ಬರುತ್ತಿದ್ದಳು. ಅರವತ್ತಡಿ ಇಳಿಯಲು ಮುಕ್ಕಾಲು ಗಂಟೆ ಆಯಿತು. ನೆಲ ಮುಟ್ಟಿದ ಮೇಲೆ ಕೃಷ್ಣಯ್ಯ ಬಚ್ಚಲ ಗೋಡೆಗೆ ಒರಗಿ ಕೂತ.

ರಾಜೇಂದ್ರ ಮಧ್ಯಾಹ್ನ ಓಡಿಬಂದ. ಅಣ್ಣನ ಮುಖ ನೋಡಲಾರದೆ ಅಡುಗೆಮನೆ ಬಾಗಿಲಲ್ಲಿ ನಿಂತು, ನಂಗೆ ಗೊತ್ತಿರ್ಲಿಲ್ಲ ಅತ್ತಿಗೆ, ಮನೆಯೂ ಬೇಡ ಏನೂ ಬೇಡ, ಟವರ್ ಹಂಗೇ ಇರ್ಲಿ ಎಂದ. ಜಗದಾಂಬಾ ಅವನಿಗೆ ಊಟಕ್ಕೆ ಬಡಿಸಿದಳು. ನಿನ್ನ ಮಕ್ಕಳು ಬಾಡಿಗೆ ಮನೇಲಿ ದೊಡ್ಡವರಾಗೋದು ಬೇಡ, ಗುದ್ದಲಿ ಪೂಜೆಯ ದಿನ ಬದಲಾಯಿಸಬೇಡ, ಅಷ್ಟರೊಳಗೆ ನಾವು ಬಿಚ್ತೀವಿ ಎಂದಳು. ದಿಮ್ಮಿಯ ಸುತ್ತ ಅವನೇ ನಿಂತು ಮಣ್ಣು ತುಂಬಿಸಿ ಮೇಲೆ ಕಲ್ಲು ಹೇರಿಸಿ ಹೋದ.

ಮೂರನೆಯ ದಿನ ಕೃಷ್ಣಯ್ಯ ಬೆಲ್ಟ್ ಕಟ್ಟಿಕೊಂಡು ಹೋದವನು ಎರಡನೆಯ ಪೀಸಿನಿಂದಲೇ ಇಳಿದು ಬಂದ. ಮಂಡಿ ನೋವು ಎಂದ. ಮಂಡಿಯಲ್ಲ ಎಂದು ಅವಳಿಗೆ ಗೊತ್ತಿತ್ತು, ಹೌದೌದು ಎಣ್ಣೆ ಹಚ್ಚೋಣ ಎಂದಳು. ಅಲ್ಲಿಂದ ಅವನು ಮನೆಯಲ್ಲಿ ನಿಲ್ಲುವುದನ್ನೇ ಬಿಟ್ಟ. ಬೆಳಗ್ಗೆ ಎದ್ದು ಸುಂಕದಕಟ್ಟೆಗೆ ನಡೆದು ಹೋಗುವುದು, ಬಂದು ಚಪ್ಪಲಿ ಬಿಡದೆ ಮತ್ತೆ ಮಾಗಡಿ ರಸ್ತೆ ಹಿಡಿಯುವುದು. ರೇಡಿಯೊ ಮೇಲೆ ಹಾಕಿದ ಬಟ್ಟೆ ತೆಗೆಯಲಿಲ್ಲ. ಅನು ರಾಜಾಜಿನಗರದ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದವಳು ದಿನಾ ಸಂಜೆ ಫೋನ್ ಮಾಡಿ ಅಪ್ಪ ಎಲ್ಲಿ ಎನ್ನುತ್ತಿದ್ದಳು. ನಡೀತಾ ಇದಾರೆ ಎನ್ನುವುದೇ ಉತ್ತರ.

ಹೊಸ ದಿಮ್ಮಿಯನ್ನು ತಮ್ಮದೇ ಹಿತ್ತಿಲೊಳಗೆ ಹಾಕಿಸಿ, ಹತ್ತು ದಿನ ನೀರು ಹೊಡೆದು ಗಟ್ಟಿ ಮಾಡಿದವಳು ಜಗದಾಂಬಾ. ಮೊಬೈಲ್ ಟವರ್ ಹತ್ತುವ ಕೆಲಸದ ಕೆಂಪಯ್ಯ ಎಂಬಾತ ಲಗ್ಗೆರೆಯಲ್ಲಿದ್ದಾನೆಂದು ತವರಿನ ಕಡೆಯವರಿಂದ ತಿಳಿದು ಅವನನ್ನು ಕರೆಸಿದಳು. ಬರಬೇಕಾದ ದಿನ ಕೆಂಪಯ್ಯ ಒಬ್ಬನೇ ಬಂದ. ಜೊತೆಗಾರನಿಗೆ ಡೆಂಗಿ ಜ್ವರ. ಈ ಕೆಲಸಕ್ಕೆ ಮೇಲೆ ಇಬ್ಬರು ಬೇಕೇಬೇಕು, ಒಬ್ಬ ತುದಿಯಲ್ಲಿ ಬಿಚ್ಚಿ ಇಳಿಸಬೇಕು, ಇನ್ನೊಬ್ಬ ನಲವತ್ತಡಿಯಲ್ಲಿ ನಿಂತು ಇಳಿಯುವ ಪೀಸು ಟವರಿಗೆ ಬಡಿಯದ ಹಾಗೆ ನೋಡಿಕೊಳ್ಳಬೇಕು. ನಾಳೆಯಿಂದ ತನಗೆ ತುಮಕೂರಿನ ಕಡೆ ಮೂರು ವಾರದ ಕೆಲಸ, ಬಂದ ಮೇಲೆ ಮಾಡೋಣ ಎಂದ. ಗುದ್ದಲಿ ಪೂಜೆಗೆ ಆರು ದಿನವಿತ್ತು.

ನಲವತ್ತಡಿಯಲ್ಲಿ ನಾನು ನಿಲ್ತೀನಿ ಎಂದಳು ಜಗದಾಂಬಾ.

ಕೆಂಪಯ್ಯ ನಗಲಿಲ್ಲ, ಅವಳ ಕೈ ನೋಡಿದ. ಕೃಷ್ಣಯ್ಯ ಬಾಗಿಲಿನಿಂದ ಇಳಿದು ಬಂದ.

"ನಿಂಗೆ ತಲೆ ಕೆಟ್ಟಿದ್ಯಾ? ಐವತ್ತೆರಡು ವರ್ಷ ನಿಂಗೆ."

"ನಿಮಗೆ ಅರವತ್ತು. ನೀವು ಹತ್ತಲಿಲ್ವಾ?"

"ನಾನು ಹತ್ತಿ ಅಭ್ಯಾಸ ಇರೋನು ಕಣೇ."

"ನಾನು ನೋಡಿ ಅಭ್ಯಾಸ ಇರೋಳು. ಇಪ್ಪತ್ತು ವರ್ಷ ಕೆಳಗಿಂದ ಇದನ್ನೇ ನೋಡಿದೀನಿ. ಯಾವ ಸರಳು ಎಲ್ಲಿದೆ, ಯಾವ ತಂತಿ ಏನು ಹೇಳ್ತದೆ, ನನಗೆ ಗೊತ್ತು. ಕೆಳಗೆ ನಿಂತು ನಿಂತು ನನಗೆ ಸಾಕಾಗಿದೆ ರೀ. ಇದೊಂದು ಸಲ ನಾನು ಮೇಲಿರ್ತೀನಿ."

ಕೊನೆಯ ಮಾತು ತನ್ನ ಬಾಯಿಂದ ಬರುತ್ತದೆಂದು ಅವಳೂ ಅಂದುಕೊಂಡಿರಲಿಲ್ಲ. ಕೃಷ್ಣಯ್ಯ ಒಳಗೆ ಹೋಗಿ ತನ್ನ ಬೆಲ್ಟ್ ತಂದ. ಅವಳು ಅನುವಿನ ಹಳೆಯ ಚೂಡಿದಾರ ತೊಟ್ಟು ಬಂದಳು. ಬೆಲ್ಟಿಗೆ ಹೊಸ ತೂತು ಹೊಡೆದು ಅವನೇ ಬಿಗಿದ. ಕೊಂಡಿಯನ್ನು ಮೂರು ಸಲ ಜಗ್ಗಿ ನೋಡಿದ.

ಮೊದಲ ಪೀಸಿನಲ್ಲಿ ಅವಳು ಒಂದೊಂದು ಸರಳನ್ನೂ ಬಗ್ಗಿ ನೋಡಿ ಕಾಲಿಟ್ಟಳು. ಎರಡನೆಯದರಲ್ಲಿ ಸರಳುಗಳ ನಡುವಿನ ಅಂತರ ಕಾಲಿಗೆ ತಿಳಿಯಿತು. ಮೂರನೆಯದರಲ್ಲಿ ಮನೆಯ ತಾರಸಿ ಕೆಳಗೆ ಹೋಯಿತು. ನಾಲ್ಕನೆಯದರಲ್ಲಿ ಕೆಂಪಯ್ಯ ಹೇಳಿದಲ್ಲಿ ಕೊಂಡಿ ಹಾಕಿ, ಮೈಭಾರವನ್ನು ಬೆಲ್ಟಿಗೆ ಬಿಟ್ಟಳು. ಅಷ್ಟು ವರ್ಷ ಅಂಗೈಯಲ್ಲಿ ಮಾತ್ರ ಕೇಳುತ್ತಿದ್ದ ನಡುಕ ಈಗ ಬೆನ್ನಿಗೆ, ಹೊಟ್ಟೆಗೆ ಬಂತು. ಹೆದರಿಕೆ ಅನ್ನಿಸಲಿಲ್ಲ. ಟವರ್ ಉಸಿರಾಡುತ್ತಿದೆ ಅನ್ನಿಸಿತು. ಸುತ್ತ ನೀರಿನ ಕಪ್ಪು ಟ್ಯಾಂಕುಗಳು, ಒಣಹಾಕಿದ ಬಟ್ಟೆ, ಪೀಣ್ಯದ ಕಡೆಯ ಶೀಟಿನ ಛಾವಣಿಗಳು. ಕೆಳಗೆ ಗಂಡ ಸಂಪಿನಿಂದ ಬಚ್ಚಲಿಗೆ, ಬಚ್ಚಲಿನಿಂದ ಗೋಡೆಗೆ ಸುತ್ತುತ್ತಿದ್ದ. ಮೇಲಿನಿಂದ ನೋಡಿದರೆ ತಾನು ಹೀಗೆ ಕಾಣುತ್ತಿದ್ದೆನೇ ಎಂದುಕೊಂಡು ಅವಳಿಗೆ ನಗು ಬಂತು, ಹಿಂದೆಯೇ ಕಣ್ಣು ತುಂಬಿತು. ಕೈ ಖಾಲಿಯಿರಲಿಲ್ಲ, ಹಾಗೇ ಬಿಟ್ಟಳು.

ಮೊದಲು ನಲವತ್ತಡಿಗೆ ಹೊಸ ತಂತಿ ಮೂರು ಕಟ್ಟಿ, ಕೆಳಗೆ ಕೃಷ್ಣಯ್ಯ ಬಿಗಿದ. ಅವಳು ಮೇಲಿನಿಂದಲೇ ಒತ್ತಿ, ಬಚ್ಚಲ ಕಡೆಯದು ಅರ್ಧ ಸುತ್ತು ಎಂದು ಕೂಗಿದಳು. ಆಮೇಲೆ ಕೆಂಪಯ್ಯ ಆಂಟೆನಾ ಇಳಿಸಿ, ತುದಿಯ ಪೀಸು ಬಿಚ್ಚಿ ಹಗ್ಗಕ್ಕೆ ಬಿಟ್ಟ. ಅದು ತಿರುಗುತ್ತ ಇಳಿದು ಬಂತು. ಜಗದಾಂಬಾ ಅದನ್ನು ಕೈಯಿಂದ ಹೊರಕ್ಕೆ ತಳ್ಳಿ ದಾಟಿಸಿದಳು. ಎರಡನೆಯದು ಹಾಗೇ ಹೋಯಿತು. ಮೂರನೆಯದರಲ್ಲಿ ಒಂದು ಬೋಲ್ಟು ತುಕ್ಕು ಹಿಡಿದು ಕೂತು, ಕೆಂಪಯ್ಯ ಗರಗಸ ಹಾಕಿ ಕೊಯ್ಯುವ ತನಕ ಒಂದು ಗಂಟೆಗೂ ಹೆಚ್ಚು ಇಬ್ಬರೂ ಬಿಸಿಲಿನಲ್ಲಿ ಜೋತು ನಿಂತರು. ಆಂಟೆನಾವನ್ನು ನಲವತ್ತಡಿಯ ತುದಿಗೆ ಕೂರಿಸಿ ಮಧ್ಯಾಹ್ನ ಎರಡಕ್ಕೆ ಅವಳು ನೆಲಕ್ಕೆ ಬಂದಾಗ ತೊಡೆಗಳು ಬೆಂಕಿಯಾಗಿದ್ದವು. ಕೃಷ್ಣಯ್ಯ ಬೆಲ್ಟ್ ಬಿಚ್ಚುತ್ತ, "ಸಾಕಪ್ಪ ಸಾಕು, ನನ್ನ ಕೈಲಿ ಆಗಲ್ಲ ಇದು" ಎಂದ. ಹತ್ತುವುದನ್ನು ಹೇಳಿದನೋ ಕೆಳಗೆ ನಿಲ್ಲುವುದನ್ನು ಹೇಳಿದನೋ ಎಂದು ಅವಳು ಕೇಳಲಿಲ್ಲ.

ರಾಜೇಂದ್ರನ ಗುದ್ದಲಿ ಪೂಜೆ ಹೇಳಿದ ದಿನವೇ ಆಯಿತು. ಈಗ ಅಲ್ಲಿ ಎರಡು ಮಹಡಿ ಎದ್ದಿವೆ. ಕೃಷ್ಣಯ್ಯ ಒಂದು ತಿಂಗಳು ಕಳೆದು ರೇಡಿಯೊದ ಬಟ್ಟೆ ತೆಗೆದ. ನಲವತ್ತಡಿಗೆ ಜಪಾನ್ ಕ್ಷೀಣವಾಗಿ ಕೇಳುತ್ತದೆ, ಬ್ರೆಜಿಲ್ ಕೇಳುವುದೇ ಇಲ್ಲ. ಅದಕ್ಕೆ ಅವನು ಗೊಣಗುತ್ತಾನೆ, ಆದರೆ ಮೊದಲಿಗಿಂತ ಹೆಚ್ಚು ಹೊತ್ತು ಕೂರುತ್ತಾನೆ. ಕೂರಲಾಗದವಳು ಜಗದಾಂಬಾ. ಕೆಲಸ ಮುಗಿದ ಮೊದಲ ವಾರ ಮೈಕೈ ನೋವಿನಲ್ಲಿ ಕಳೆಯಿತು. ಎರಡನೆಯ ವಾರದಿಂದ ಅವಳಿಗೆ ಅಡುಗೆಮನೆ ಇಕ್ಕಟ್ಟಾಗಿ ಕಂಡಿತು. ಮೆಟ್ರೊದಲ್ಲಿ ಅತ್ತಿಗುಪ್ಪೆಗೆ ಹೋಗುವಾಗ ಕಿಟಕಿಯಾಚೆಯ ಕಂಬಗಳನ್ನು ಬುಡದಿಂದ ತುದಿಯವರೆಗೆ ಅಳೆಯುತ್ತಿದ್ದಳು. ಯಾವ ಕಂಬದ ತಂತಿ ಜೋಲುಬಿದ್ದಿದ್ದರೂ ಕೈ ತುರಿಸುತ್ತಿತ್ತು. ತನಗೆ ಏನಾಗಿದೆ ಎಂದು ಮಗಳ ಹತ್ತಿರವೂ ಹೇಳಿಕೊಳ್ಳಲಾಗಲಿಲ್ಲ.

ಕೆಂಗೇರಿಯಲ್ಲಿ ತಿಮ್ಮಯ್ಯ ಎಂಬ ನಿವೃತ್ತ ಮೇಷ್ಟರು ಕೃಷ್ಣಯ್ಯನಿಗೆ ರೇಡಿಯೊದಲ್ಲಿ ದಿನಾ ಸಿಗುವವರು. ಅವರ ತೋಟದಲ್ಲಿ ಒಂದು ಟವರ್ ಇತ್ತು. ಗಾಳಿಗೆ ಆಂಟೆನಾ ತಿರುಗಿಕೊಂಡಿದೆ, ಹತ್ತುವವರು ಯಾರೂ ಸಿಗುತ್ತಿಲ್ಲ ಎಂದು ಅವರು ಒಂದು ಸಂಜೆ ಹೇಳುತ್ತಿದ್ದುದು ಸ್ಪೀಕರಿನಲ್ಲಿ ಅಡುಗೆಮನೆಗೂ ಕೇಳಿತು. ಜಗದಾಂಬಾ ಸೌಟು ಹಿಡಿದೇ ಬಂದು ಗಂಡನ ಪಕ್ಕ ನಿಂತು, ಎಷ್ಟಡಿ ಅಂತ ಕೇಳಿ ಎಂದಳು.

ಅರವತ್ತು ಎಂದು ಉತ್ತರ ಬಂತು.

"ತಂತಿ ಎಷ್ಟು ಸಾಲು ಕಟ್ಟಿದಾರೆ, ಯಾವಾಗ ಬಿಗಿ ನೋಡಿದ್ದು, ಅದನ್ನೂ ಕೇಳಿ" ಎಂದಳು.

ಕೃಷ್ಣಯ್ಯ ಅವಳ ಮುಖ ನೋಡಿದ. ಬೇಡ ಎನ್ನಲು ಬಾಯಿ ತೆರೆದವನು ಮೈಕಿನ ಗುಂಡಿ ಒತ್ತಿ, ಭಾನುವಾರ ಬರ್ತೀವಿ ಮೇಷ್ಟ್ರೇ, ಹತ್ತೋದು ನಮ್ಮ ಮನೆಯೋರು ಎಂದ. ಭಾನುವಾರ ಇಬ್ಬರೂ ಎಂಟು ಗಂಟೆಯ ಬಸ್ಸು ಹಿಡಿದರು. ಬೆಲ್ಟು, ಸ್ಪ್ಯಾನರುಗಳ ಚೀಲ ಅವಳ ತೊಡೆಯ ಮೇಲಿತ್ತು. ನಾಯಂಡಹಳ್ಳಿಯಲ್ಲಿ ಬಸ್ಸು ಸಿಗ್ನಲ್ಲಿಗೆ ನಿಂತು ನಿಂತು ಹೊರಡದಿದ್ದಾಗ ಅವಳು ಎರಡು ಸಲ ಸೀಟಿನಿಂದ ಎದ್ದು ಮುಂದೆ ಬಗ್ಗಿ ನೋಡಿದಳು. ಅಲ್ಲಿ ಹೋಗಿ ಮೊದಲು ಮೂರು ಕಡೆಯ ತಂತಿಯನ್ನೂ ಒತ್ತಿ ನೋಡಿ, ಒಂದನ್ನು ಬಿಗಿ ಮಾಡಿಸಿ, ಹತ್ತೂವರೆಗೆ ಹತ್ತಿದಳು. ಹನ್ನೆರಡಕ್ಕೆ ಇಳಿದಳು. ಮೇಷ್ಟರ ಮನೆಯಲ್ಲಿ ಮುದ್ದೆ, ಅವರೆಕಾಳು ಸಾರು. ಊಟ ಮಾಡುವಾಗ ಮೇಷ್ಟರು, ಬಿಡದಿಯ ಹತ್ತಿರ ಒಬ್ಬರಿಗೆ ತೊಂಬತ್ತಡಿ ಟವರ್ ಎಬ್ಬಿಸಬೇಕಂತೆ, ಜನ ಹುಡುಕುತ್ತಿದ್ದಾರೆ ಎಂದು ಕೃಷ್ಣಯ್ಯನಿಗೆ ಹೇಳಿದರು. ಕೃಷ್ಣಯ್ಯ ಹೆಂಡತಿಯ ಕಡೆ ತಿರುಗಿದ. ಜಗದಾಂಬಾ ಆಗಲೇ ಕೈ ತೊಳೆಯಲು ಎದ್ದಿದ್ದಳು, ಬಿಡದಿಗೆ ಇಲ್ಲಿಂದ ಬಸ್ಸು ಎಷ್ಟು ಹೊತ್ತಿಗಿದೆ ಎಂದು ಮೇಷ್ಟರ ಹೆಂಡತಿಯನ್ನು ಕೇಳುತ್ತಿದ್ದಳು.